ಸುಲೋಚನಕ್ಕನ ಮುಖಕ್ಕೆ ನಾನು ಹಚ್ಚಿದ ಬಣ್ಣ

ಕಳೆದ ವರ್ಷ ಮಂಗಳೂರಿನ ಒಂದು ಮೇಕಪ್ ತರಬೇತಿ ಕೇಂದ್ರದವರು ನನ್ನನ್ನು ಮಾತಾಡಲು ಕರೆದಿದ್ದರು. ಇಪ್ಪತ್ತು ಇಪ್ಪತ್ತೈದು ಮಂದಿ ಹುಡುಗಿಯರು, ಮೂವರು ಹುಡುಗರು. ಮಾತು ಮುಗಿದ ಮೇಲೆ ಒಬ್ಬಳು ಎದ್ದು ನಿಂತು, "ಸರ್, ನೀವು ಮಾಡಿದ್ರಲ್ಲಿ ಬೆಸ್ಟ್ ಮೇಕಪ್ ಯಾವುದು?" ಎಂದು ಕೇಳಿದಳು. ನಾನು ಏನೋ ಒಂದು ಹೇಳಿ ತಪ್ಪಿಸಿಕೊಂಡೆ. ನಿಜ ಹೇಳಬೇಕಾದರೆ ಅರ್ಧ ದಿನ ಬೇಕಿತ್ತು. ಅದರಲ್ಲಿ ಹೆಮ್ಮೆಯ ಜೊತೆಗೆ ನಾಚಿಕೆಯೂ ಇತ್ತು. ಬಸ್ಸಿನಲ್ಲಿ ಮನೆಗೆ ಬರುವಾಗ, ಆ ಹುಡುಗಿಗೆ ಕೊಡಬೇಕಾದ ಉತ್ತರವನ್ನು ಬರೆದಾದರೂ ಇಡೋಣ ಎನಿಸಿತು.

ನಾನು ಮುಂಬಯಿಯಲ್ಲಿ ತುಳು ನಾಟಕಗಳಿಗೆ ಬಣ್ಣ ಹಚ್ಚುತ್ತಾ ಈ ಕೆಲಸಕ್ಕೆ ಬಂದವನು. ಅಲ್ಲಿಂದ ಟಿ.ವಿ. ಸ್ಟುಡಿಯೋ, ಆಮೇಲೆ ಎರಡು ಸಾವಿರದ ಆರಂಭದ ವರ್ಷಗಳಲ್ಲಿ ಕತಾರ್. ದೋಹಾದಲ್ಲಿ ಅರಬಿ ಧಾರಾವಾಹಿಗಳನ್ನು ತಯಾರಿಸುತ್ತಿದ್ದ ಒಂದು ಕಂಪನಿಗೆ ಮೇಕಪ್ ಸಹಾಯಕನಾಗಿ ಸೇರಿದೆ. ಯಾವಾಗ ಯಾವ ಹುದ್ದೆಗೆ ಏರಿದೆ ಎನ್ನುವುದನ್ನು ಬಿಟ್ಟುಬಿಡುತ್ತೇನೆ, ಅದರಿಂದ ನಿಮಗೆ ಏನೂ ಸಿಗುವುದಿಲ್ಲ. ನಾನು ದೋಹಾದ ಅಂಚಿನ ಮುಐದರಿನಲ್ಲಿ ನಾಲ್ಕು ಮಂದಿಯ ಜೊತೆ ಒಂದು ಕೋಣೆ ಹಂಚಿಕೊಂಡಿದ್ದೆ. ಸೆಟ್ ಇದ್ದದ್ದು ಅಲ್ ಥುಮಾಮಾದ ಒಂದು ಬಾಡಿಗೆ ವಿಲ್ಲಾದಲ್ಲಿ. ವಿಮಾನ ನಿಲ್ದಾಣ ಪಕ್ಕದಲ್ಲೇ ಇದ್ದುದರಿಂದ ಪ್ರತಿ ವಿಮಾನಕ್ಕೂ ಧ್ವನಿ ಹಿಡಿಯುವವನು ಕೈ ಎತ್ತುತ್ತಿದ್ದ. ನಟರು ಇದ್ದಲ್ಲೇ ನಿಲ್ಲುತ್ತಿದ್ದರು. ಆ ಅರ್ಧ ನಿಮಿಷ ನಮ್ಮದು. ಓಡಿಹೋಗಿ ಬೆವರು ಒತ್ತಿ, ಪೌಡರ್ ತಟ್ಟಿ, ಚೌಕಟ್ಟಿನಿಂದ ಹೊರಗೆ ಬರಬೇಕು. ಒರೆಸಬಾರದು, ಒತ್ತಬೇಕು. ಬೇಸಗೆಯಲ್ಲಿ ಹೊರಾಂಗಣದ ಶೂಟಿಂಗ್ ಇದ್ದರೆ ಹತ್ತು ನಿಮಿಷಕ್ಕೊಮ್ಮೆ ಒಂದು ಮುಖ ಕರಗಿ ಕುತ್ತಿಗೆಗೆ ಇಳಿಯುತ್ತಿತ್ತು.

ನನ್ನ ಮೇಲಿದ್ದವರು ಮದಾಮ್ ರೀಮಾ. ಲೆಬನಾನಿನ ಹೆಂಗಸು, ಅರುವತ್ತು ದಾಟಿದ್ದರು, ಬೈಗುಳದಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಮೊದಲ ದಿನವೇ ನನ್ನ ಕೈಯಿಂದ ಸ್ಪಂಜು ಕಿತ್ತುಕೊಂಡು ಹೇಳಿದ್ದರು: "ಜೈ, ಮೊದಲು ಐದು ನಿಮಿಷ ಕಿಟಕಿಯ ಬೆಳಕಿನಲ್ಲಿ ಮುಖ ನೋಡು. ಕೈ ಆಮೇಲೆ." ನನ್ನ ಪೂರ್ತಿ ಹೆಸರು ಜಯಕರ. ಅಲ್ಲಿ ಯಾರ ಬಾಯಿಗೂ ಅದು ಬರಲಿಲ್ಲ.

ನಾನು ಹೀಗೆ ಐದು ನಿಮಿಷ ನೋಡಿದ ಮೊದಲ ಮುಖಗಳಲ್ಲಿ ಒಂದು ಸುಲೋಚನಕ್ಕನದು.

ಅವರು ಕಾಪು ಕಡೆಯವರು. ಗಂಡ ಸದಾನಂದ ಭಾವ ದೋಹಾದ ಒಂದು ಆಫೀಸಿನಲ್ಲಿ ಲೆಕ್ಕ ವಿಭಾಗದಲ್ಲಿದ್ದರು, ಮನೆ ಮದೀನತ್ ಖಲೀಫಾದಲ್ಲಿ. ಅಕ್ಕ ಮದುವೆಯಾಗಿ ಅಲ್ಲಿಗೆ ಬಂದು ಇಪ್ಪತ್ತು ವರ್ಷ ಕಳೆದಿತ್ತು. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸ ಮಾಡುತ್ತಾ, ಹಲ್ಲು ನೋವಿನಿಂದ ಬಂದ ಹೆಂಗಸರ ಜೊತೆ ಮಾತಾಡಿ ಮಾತಾಡಿ ಅರಬಿ ಕಲಿತಿದ್ದರು. ನೀಟಾದ, ಸರಾಗವಾದ ಅರಬಿ. ಊರಿನಲ್ಲಿ ಕಾಲೇಜು ದಿನಗಳಲ್ಲಿ ನಾಟಕ ಮಾಡಿದವರು. ನಮ್ಮ ಕಂಪನಿಗೆ ಒಬ್ಬ ಭಾರತೀಯ ಹೆಂಗಸು ಬೇಕಾಗಿದೆ ಎಂದು ಕ್ಲಿನಿಕ್ಕಿಗೆ ಬಂದ ಯಾರೋ ಹೇಳಿದ್ದರಂತೆ. ಗಂಡನ ಕಂಪನಿಯಿಂದ ಅನುಮತಿ ಪತ್ರ ಹಿಡಿದುಕೊಂಡೇ ಬಂದಿದ್ದರು.

ಪಾತ್ರ ಮನೆಕೆಲಸದವಳದು. ಸ್ಕ್ರಿಪ್ಟಿನಲ್ಲಿ ಹೆಸರಿರಲಿಲ್ಲ, "ಖದ್ದಾಮಾ" ಎಂದಷ್ಟೇ ಇತ್ತು. ಮನೆಕೆಲಸದವಳು ಎಂದು ಅರ್ಥ.

ಅಕ್ಕನದು ಗೋಧಿ ಬಣ್ಣ. ನಾನು ಸಾಧಾರಣ ಮೇಕಪ್ ಮುಗಿಸಿ ಕಳಿಸಿದ್ದೆ. ಸಹಾಯಕ ನಿರ್ದೇಶಕ ಅವರನ್ನು ಹಿಂದಕ್ಕೆ ಕರೆತಂದ.

"ಇವಳು ಇಂಡಿಯಾದವಳ ಹಾಗೆ ಕಾಣುವುದಿಲ್ಲ. ಕಪ್ಪು ಮಾಡು. ಯಲ್ಲಾ, ಬೇಗ!"

"ಇವರು ಇಂಡಿಯಾದವರೇ," ಎಂದೆ ನಾನು.

"ನಿನಗೆ ಗೊತ್ತು, ನನಗೆ ಗೊತ್ತು. ನೋಡುವವರಿಗೆ ಗೊತ್ತಾಗಬೇಕಲ್ಲ."

ನಾನು ಕಂದು ಬಣ್ಣದ ಡಬ್ಬಿ ತೆಗೆದೆ. ಇದನ್ನು ನೀವು ಗಮನಿಸಬೇಕು. ಯಾರೂ ನನ್ನ ಕೈ ಹಿಡಿದು ಹಚ್ಚಿಸಲಿಲ್ಲ. ಹೊಸ ಕೆಲಸ, ಹೊಸ ದೇಶ, ಎದುರು ಮಾತಾಡುವ ಧೈರ್ಯ ಇರಲಿಲ್ಲ ಎನ್ನುವುದು ನಿಜ. ಮಾತಾಡಬೇಕು ಎಂದು ಅನಿಸಲೂ ಇಲ್ಲ ಎನ್ನುವುದು ಅದಕ್ಕಿಂತ ನಿಜ. ಅಕ್ಕ ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ ತುಳುವಿನಲ್ಲಿ ಕೇಳಿದರು, "ಎಂತ ಮಾರಾಯಾ, ನನ್ನನ್ನು ನನ್ನ ಹಾಗೆ ಕಾಣಿಸ್ಲಿಕ್ಕೆ ಇಷ್ಟು ಬಣ್ಣ ಬೇಕಾ?"

ಆ ದಿನದ ದೃಶ್ಯದಲ್ಲಿ ಮನೆಕೆಲಸದವಳು ಯಜಮಾನಿಯ ಮಗುವನ್ನು ಎತ್ತಿ ಸಮಾಧಾನ ಮಾಡಬೇಕು. ನಾನು ಗಡಿಬಿಡಿಯಲ್ಲಿ ಬಣ್ಣದ ಮೇಲೆ ಪೌಡರ್ ಹಾಕಿ ಕೂರಿಸುವುದನ್ನು ಮರೆತಿದ್ದೆ. ಮಗು ಅಕ್ಕನ ಕೆನ್ನೆಗೆ ಕೆನ್ನೆ ಒತ್ತಿ ನಿಜವಾಗಿಯೂ ನಿದ್ದೆ ಹೋಯಿತು. ಎಲ್ಲರಿಗೂ ಖುಷಿ. ಯಜಮಾನಿಯ ಕೈಗೆ ಮಗು ದಾಟಿದಾಗ ನೋಡಿದರೆ ಅದರ ಒಂದು ಕೆನ್ನೆ ಬಿಳಿ, ಇನ್ನೊಂದು ಕಂದು. ಬಿಳಿ ಫ್ರಾಕಿನ ಮೇಲೆ ಐದು ಬೆರಳುಗಳ ಗುರುತು. ಮಗುವಿನ ನಿಜವಾದ ತಾಯಿ ಚೀರಿಕೊಂಡು ಬಂದಳು. ನಿರ್ದೇಶಕರು "ಯಾ ಜೈ!" ಎಂದು ಕೂಗಿದ್ದು ಬೀದಿಗೂ ಕೇಳಿರಬೇಕು. ಮದಾಮ್ ರೀಮಾ ನನ್ನ ಮುತ್ತಜ್ಜನವರೆಗೂ ಹೋಗಿ ಬಂದರು. ಕೆಲಸ ಖಲಾಸ್ ಎಂದುಕೊಂಡು ನಾನು ಗೋಡೆಗೆ ಒರಗಿ ನಿಂತಿದ್ದೆ.

ಸುಲೋಚನಕ್ಕ ಮಗುವಿನ ಕೆನ್ನೆ ಒರೆಸುತ್ತಾ ನಿರ್ದೇಶಕರಿಗೆ ಅರಬಿಯಲ್ಲಿ ಅಂದರು: "ಬೈಯಬೇಡಿ ಉಸ್ತಾದ್. ಎರಡು ನಿಮಿಷ ಎತ್ತಿಕೊಂಡದ್ದಕ್ಕೆ ಮಗು ನಮ್ಮ ಊರಿನದಾಯಿತು."

ಸೆಟ್ಟಿಗೆ ಸೆಟ್ಟೇ ನಕ್ಕಿತು. ನನ್ನ ಕೆಲಸ ಉಳಿಯಿತು. ಆ ಮಾತಿನಲ್ಲಿದ್ದ ಮುಳ್ಳು ನನಗೆ ನಾಟಿದ್ದು ಕೋಣೆಗೆ ಹೋಗಿ ಕೈ ತೊಳೆಯುವಾಗ.

ಆಮೇಲಿನ ವರ್ಷಗಳಲ್ಲಿ ಅಕ್ಕ ಎಷ್ಟು ಧಾರಾವಾಹಿಗಳಲ್ಲಿ ಮನೆಕೆಲಸದವಳಾದರೋ ಲೆಕ್ಕ ಇಟ್ಟವರಿಲ್ಲ. ರಮದಾನಿನಲ್ಲಿ ದಿನಕ್ಕೊಂದು ಕಂತು ಪ್ರಸಾರವಾಗುವ ಧಾರಾವಾಹಿಗಳೇ ನಮ್ಮ ಮುಖ್ಯ ಬೆಳೆ. ಅವುಗಳಲ್ಲಿ ಶ್ರೀಮಂತ ಮನೆ ಇರುತ್ತಿತ್ತು, ಮನೆಯಲ್ಲಿ ಕೆಲಸದವಳು ಇರುತ್ತಿದ್ದಳು. ಒಮ್ಮೆ ಅವಳು ದಡ್ಡಿ, ಇನ್ನೊಮ್ಮೆ ಕಳ್ಳಿ, ಮತ್ತೊಮ್ಮೆ ಮಾಟ ಮಾಡಿಸುವವಳು. ಒಳ್ಳೆಯವಳಾದರೆ ಮೂಗಿಯ ಹಾಗೆ ತಲೆ ಆಡಿಸುವವಳು. ಅಕ್ಕ ಪ್ರತಿ ಸಲ ಬರಹಗಾರನನ್ನು ಕೇಳುತ್ತಿದ್ದರು, "ಇವಳ ಹೆಸರೇನು? ಮಕ್ಕಳಿದ್ದಾರಾ? ಯಾವ ಊರು?" ಅವನು ಕೈ ಆಡಿಸಿ, "ಮಾಫಿ ಹೆಸರು, ಮಾಫಿ ಊರು," ಎನ್ನುತ್ತಿದ್ದ, ಹೆಸರೂ ಇಲ್ಲ ಊರೂ ಇಲ್ಲ ಎಂದು. ಹಾಗಾದರೆ ನಾನೇ ಇಟ್ಟುಕೊಳ್ಳುತ್ತೇನೆ ಎಂದು ಅಕ್ಕ ಮೇಕಪ್ ಕುರ್ಚಿಯಲ್ಲೇ ಕೂತು ಹೆಸರಿಡುತ್ತಿದ್ದರು. ಒಬ್ಬಳು ರತ್ನಾ, ಅವಳಿಗೆ ಮಂಡಿನೋವು. ಒಬ್ಬಳು ಲಿಲ್ಲಿ, ಅವಳು ಮಗನ ಶಾಲೆಯ ಫೋಟೋವನ್ನು ಬಟ್ಟೆಯ ಒಳಗೆ ಇಟ್ಟುಕೊಂಡವಳು. ತೆರೆಯ ಮೇಲೆ ಇದ್ಯಾವುದೂ ಕಾಣುತ್ತಿರಲಿಲ್ಲ. ಆದರೆ ರತ್ನಾ ಮೆಟ್ಟಿಲು ಇಳಿಯುವುದು ಒಂದು ಥರ, ಲಿಲ್ಲಿ ಇಳಿಯುವುದು ಇನ್ನೊಂದು ಥರ. ಅದು ಕಾಣುತ್ತಿತ್ತು.

ನಿರ್ದೇಶಕ ನಬೀಲ್ ಅವರನ್ನು ನಾವು ಉಸ್ತಾದ್ ಎನ್ನುತ್ತಿದ್ದೆವು. ಸಿರಿಯಾದವರು, ಕೆಲಸದಲ್ಲಿ ಕಟ್ಟುನಿಟ್ಟು. ಅವರಿಗೂ ಅಕ್ಕನಿಗೂ ನಡೆದ ಒಂದು ಮಾತನ್ನು ನಾನು ಎಷ್ಟೋ ಮಂದಿಗೆ ಹೇಳಿದ್ದೇನೆ. ಒಂದು ಹಾಸ್ಯ ಧಾರಾವಾಹಿಯಲ್ಲಿ ಅಕ್ಕ ತಮ್ಮ ಸಾಲುಗಳನ್ನು ಸರಿಯಾದ ಅರಬಿಯಲ್ಲಿ ಹೇಳಿಬಿಟ್ಟರು. ಉಸ್ತಾದ್ ಟೇಕ್ ನಿಲ್ಲಿಸಿದರು.

"ಸುಲೂ, ಹರಕು ಅರಬಿ ಬೇಕು. ಇವಳು ಕೆಲಸದವಳು."

"ಎಷ್ಟು ಹರಕು, ಉಸ್ತಾದ್?"

"ಎಂದರೆ?"

"ಬಂದು ಒಂದು ತಿಂಗಳಾದವಳ ಹರಕಾ, ಹತ್ತು ವರ್ಷ ಆದವಳದ್ದಾ? ಎರಡೂ ಬೇರೆ."

ಎರಡನ್ನೂ ಹೇಳಿ ತೋರಿಸಿದರು. ತಿಂಗಳಾದವಳು ಗಂಟಲು ಕಟ್ಟಿದವಳ ಹಾಗೆ "ಅನಾ ಮಾಫಿ ಮಾಲೂಮ್" ಎನ್ನುತ್ತಾಳೆ, ನನಗೆ ಗೊತ್ತಿಲ್ಲ ಎಂದು. ಹತ್ತು ವರ್ಷದವಳು ಯಜಮಾನಿಗಿಂತ ವೇಗವಾಗಿ ಮಾತಾಡುತ್ತಾಳೆ, ಎರಡು ಅಕ್ಷರ ಮಾತ್ರ ಅವಳ ನಾಲಿಗೆಗೆ ಹೊಂದುವುದಿಲ್ಲ. ಉಸ್ತಾದ್ ಗಲ್ಲಕ್ಕೆ ಕೈಯಿಟ್ಟು ಯೋಚಿಸಿ, "ಕಥೆಯಲ್ಲಿ ಇವಳು ಹತ್ತು ವರ್ಷದವಳು. ಹಾಗೇ ಮಾಡು," ಎಂದರು. ಟೇಕ್ ಚೆನ್ನಾಗಿ ಬಂತು. ಯಾರೂ ನಗಲಿಲ್ಲ. ನಿರ್ಮಾಪಕರು ಅದನ್ನು ನೋಡಿ, "ಇದು ಕಾಮಿಡಿ. ಇವಳು ಬಾಯಿ ತೆಗೆದರೆ ನಗು ಬರಬೇಕು," ಎಂದರು. ಮತ್ತೆ ಶೂಟಿಂಗ್ ಆಯಿತು. ಅಕ್ಕ ಹರಕು ಅರಬಿ ಹೇಳಿದರು, ತಲೆ ಅಲ್ಲಾಡಿಸಿದರು, ಎಲ್ಲರೂ ನಕ್ಕರು. ಅವರು ಪ್ರತಿ ಸಲ ಗೆಲ್ಲುತ್ತಿದ್ದರು ಎಂದು ನೀವು ತಿಳಿಯಬಾರದು. ಆ ದಿನ ಮೇಕಪ್ ತೆಗೆಯುವಾಗ ಹತ್ತಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಒರೆಸಿಕೊಂಡರು.

ಅವಮಾನ ಅರಬರಿಂದ ಮಾತ್ರ ಬರುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಒಮ್ಮೆ ನಮ್ಮ ಊರಿನವರ ಒಂದು ಕೂಟದಲ್ಲಿ, ಊಟಕ್ಕೆ ಸಾಲು ನಿಂತಿದ್ದಾಗ, ದೊಡ್ಡ ಕಂಪನಿಯ ಮ್ಯಾನೇಜರರ ಹೆಂಡತಿ ಅಕ್ಕನಿಗೆ ಹೇಳಿದರು: "ಅಲ್ಲ ಸುಲೋಚನಾ, ನೀವು ಒಳ್ಳೆ ಮನೆಯವರು. ಯಾವಾಗ ನೋಡಿದ್ರೂ ಕೆಲಸದವಳ ಪಾರ್ಟೇ ಮಾಡುದಾ? ನಮಗೇ ಒಂಥರಾ ಆಗ್ತದೆ. ಅರಬಿಗಳು ನಮ್ಮನ್ನೆಲ್ಲ ಹಾಗೇ ಅಂತ ತಿಳ್ಕೊಳ್ತಾರೆ."

ಸದಾನಂದ ಭಾವನ ಮುಖ ಇಳಿಯಿತು. ಆಫೀಸಿನಲ್ಲೂ ಅವರಿಗೆ ಇಂಥದ್ದೇ ಮಾತುಗಳು ಬೀಳುತ್ತಿದ್ದವು, ಅದು ನನಗೆ ಗೊತ್ತಿತ್ತು.

ಅಕ್ಕ ತಟ್ಟೆ ಹಿಡಿದುಕೊಂಡೇ ಹೇಳಿದರು, "ಕೆಲಸದವಳ ಪಾರ್ಟು ಮಾಡ್ಲಿಕ್ಕೆ ನನಗೆ ನಾಚಿಕೆ ಇಲ್ಲ ಅಕ್ಕಾ. ನಿಮ್ಮ ಮನೆಯಲ್ಲೂ ಒಬ್ಬಳು ಇದ್ದಾಳಲ್ಲ, ಅವಳು ಮನುಷ್ಯಳೇ. ಅವಳನ್ನು ಮಂಗ ಮಾಡಿ ತೋರಿಸ್ಲಿಕ್ಕೆ ಹೇಳ್ತಾರಲ್ಲ, ಅದಕ್ಕೆ ನಾಚಿಕೆ."

ಸಾಲಿನಲ್ಲಿ ಹಿಂದೆ ನಿಂತಿದ್ದ ನನಗೆ ಕಿವಿ ಬಿಸಿಯಾಯಿತು. ಅಷ್ಟು ವರ್ಷ ನನಗೂ ಒಳಗೊಳಗೇ ಇದ್ದದ್ದು ಆ ಹೆಂಗಸಿನ ಬೇಸರವೇ. ಕೆಲಸದವಳಾಗಿ ತೋರಿಸುತ್ತಾರೆ ಎನ್ನುವುದು ನನ್ನ ದೂರು. ಕೆಲಸದವಳನ್ನು ಹೇಗೆ ತೋರಿಸುತ್ತಾರೆ ಎನ್ನುವುದು ಅಕ್ಕನ ದೂರು. ಇವೆರಡೂ ಒಂದೇ ಅಲ್ಲ ಎಂದು ನನಗೆ ಹೊಳೆದದ್ದು ಆಗ.

ಈ ನಡುವೆ ಕೆಲಸದ ರೀತಿ ಬದಲಾಯಿತು. ಹೆಚ್ಚು ಸ್ಪಷ್ಟವಾಗಿ ಚಿತ್ರ ಹಿಡಿಯುವ ಹೊಸ ಕ್ಯಾಮೆರಾಗಳು ಬಂದವು. ಹಳೆಯ ದಪ್ಪ ಮೇಕಪ್ ಅದರಲ್ಲಿ ಗೋಡೆಗೆ ಸುಣ್ಣ ಬಳಿದ ಹಾಗೆ ಕಾಣತೊಡಗಿತು. ಮದಾಮ್ ರೀಮಾ ಒಂದು ದಿನ ಮಾನಿಟರ್ ಮುಂದೆ ಕೂತು ತಮ್ಮದೇ ಕೆಲಸ ನೋಡಿ ಕಣ್ಣು ಮುಚ್ಚಿಕೊಂಡರು. ಗಾಳಿಯಲ್ಲಿ ಬಣ್ಣ ಸಿಂಪಡಿಸುವ ಯಂತ್ರ ಬಂತು. ಅವರು ಅದನ್ನು ಮುಟ್ಟಲಿಲ್ಲ. "ಇದು ನಿನ್ನ ಕಾಲ," ಎಂದು ನನಗೆ ಬಿಟ್ಟುಕೊಟ್ಟು ಬೈರೂತಿಗೆ ಹೋದರು. ಹೊಸ ಕ್ಯಾಮೆರಾದಲ್ಲಿ ಅಕ್ಕನ ಮುಖದ ಕಂದು ಬಣ್ಣ ಬಣ್ಣವಾಗಿಯೇ ಕಂಡಿತು. ಹಾಗಾಗಿ ಅದನ್ನು ಹಚ್ಚುವುದು ನಿಂತಿತು. ಯಾರಿಗೋ ಬುದ್ಧಿ ಬಂದು ನಿಂತದ್ದಲ್ಲ, ಕ್ಯಾಮೆರಾ ಹಿಡಿದುಹಾಕಿತು ಎಂದು ನಿಂತಿತು.

ಆಗಲೇ ಆ ಧಾರಾವಾಹಿ ಬಂದದ್ದು. ಮೊದಲ ಬಾರಿಗೆ ಮನೆಕೆಲಸದವಳೇ ಕಥೆಯ ನಡುವೆ ಇದ್ದಳು. ಭಾರತದಿಂದ ಬಂದು, ಬೇರೆಯವರ ಮಗುವನ್ನು ಸಾಕಿ ದೊಡ್ಡ ಮಾಡಿ, ಕೊನೆಗೆ ಅದೇ ಮನೆಯಿಂದ ಸಂಶಯಕ್ಕೆ ಒಳಗಾಗಿ ಹೊರಬೀಳುವವಳು. ಸ್ಕ್ರಿಪ್ಟಿನ ಸುದ್ದಿ ಕೇಳಿ ಅಕ್ಕನ ಮುಖದಲ್ಲಿ ಬಂದ ಬೆಳಕನ್ನು ನಾನು ನೋಡಿದ್ದೇನೆ. ಸಂಭಾಷಣೆ ಕೊಡುವ ಮೊದಲೇ ಅರ್ಧ ಕಥೆ ಬಾಯಿಪಾಠ ಆಗಿತ್ತು.

ಪಾತ್ರ ಕೊಟ್ಟದ್ದು ಹನಾಗೆ. ಅದು ಅವರ ನಿಜವಾದ ಹೆಸರಲ್ಲ. ಕೊಲ್ಲಿಯ ಎಲ್ಲ ಮನೆಗಳಲ್ಲೂ ಗುರುತಿದ್ದ ದೊಡ್ಡ ನಟಿ, ಹಾಲಿನಂಥ ಬಣ್ಣ. ನಿರ್ಮಾಪಕರು ನನ್ನನ್ನು ಕರೆದು ಹೇಳಿದರು: "ಇವರನ್ನು ಇಂಡಿಯಾದವರನ್ನಾಗಿ ಮಾಡಬೇಕು. ಹೊಸ ಕ್ಯಾಮೆರಾಕ್ಕೂ ಗೊತ್ತಾಗಬಾರದು." ಅಕ್ಕನನ್ನು ಕರೆದು, ಹನಾಗೆ ಸೀರೆ ಉಡುವುದು, ನಡೆಯುವುದು, ಮಾತಾಡುವುದು ಕಲಿಸಬೇಕು ಎಂದರು.

ಸ್ಕ್ರಿಪ್ಟ್ ಓದುವ ಕೋಣೆಯಲ್ಲಿ ಎಲ್ಲರೂ ಇದ್ದರು. ನಿರ್ಮಾಪಕರು, ಉಸ್ತಾದ್, ಹನಾ, ಮೂಲೆಯಲ್ಲಿ ಸ್ಕ್ರಿಪ್ಟ್ ತಿದ್ದುತ್ತಿದ್ದ ಮರಿಯಮ್ ಎಂಬ ಕತಾರಿ ಯುವತಿ. ನಾನು ಬಣ್ಣದ ಮಾದರಿಗಳನ್ನು ಹಿಡಿದು ನಿಂತಿದ್ದೆ. ಅಕ್ಕ ಎದ್ದು ನಿಂತರು. ಧ್ವನಿ ಏರಿಸಲಿಲ್ಲ. ಆ ಅರಬಿ ವಾಕ್ಯಗಳ ಅರ್ಥ ಇಷ್ಟು:

"ಉಸ್ತಾದ್, ಅಡುಗೆ ಗೊತ್ತಿಲ್ಲದವರಿಗೆ ಅಡುಗೆ ಕಲಿಸುತ್ತೇನೆ. ಸೀರೆ ಗೊತ್ತಿಲ್ಲದವರಿಗೆ ಸೀರೆ ಉಡಿಸುತ್ತೇನೆ. ನಾನು ಇಲ್ಲೇ ಕೂತಿರುವಾಗ ಇನ್ನೊಬ್ಬರಿಗೆ ನಾನಾಗುವುದನ್ನು ಕಲಿಸಲು ನನಗೆ ಬರುವುದಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ. ಬರುವುದಿಲ್ಲ, ಅಷ್ಟೇ."

ಹನಾಗೆ ತಲೆಬಾಗಿ ವಂದಿಸಿ, ಕೈಚೀಲ ತೆಗೆದುಕೊಂಡು ಹೊರಗೆ ಹೋದರು. ಯಾರೂ ತಡೆಯಲಿಲ್ಲ. ನಾನೂ ತಡೆಯಲಿಲ್ಲ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಇದೇ. ಹನಾಗೆ ಮಾಡಿದ ಆ ಮೇಕಪ್ಪೇ ನನ್ನ ಬೆಸ್ಟ್ ಮೇಕಪ್. ದಿನಾ ಎರಡೂವರೆ ಗಂಟೆ, ಗಾಜಿನಷ್ಟು ತೆಳುವಾದ ಒಂಬತ್ತು ಪದರ. ಕಣ್ಣಿನ ಕೆಳಗೆ ಬೇರೆ ಬಣ್ಣ, ಕಿವಿಯ ಹಿಂದೆ ಬೇರೆ, ತುಟಿಯ ಅಂಚಿಗೆ ಬೇರೆ. ಬೇಕೆಂದೇ ಕೆಟ್ಟದಾಗಿ ಮಾಡಬಹುದಿತ್ತು. ಒಂದು ಪದರ ತಪ್ಪಿಸಿದ್ದರೆ ಕ್ಯಾಮೆರಾ ಹಿಡಿಯುತ್ತಿತ್ತು, ಪಾತ್ರ ಅಕ್ಕನಿಗೆ ಬರುತ್ತಿತ್ತೋ ಏನೋ. ಮೊದಲ ದಿನ ಹಾಗೆ ಯೋಚಿಸಿದ್ದೂ ಉಂಟು. ಆದರೆ ಕೈ ಕೇಳಲಿಲ್ಲ. ಒಳ್ಳೆಯ ಕೆಲಸ ಮಾಡುವ ಹಟ ಒಳ್ಳೆಯ ಬುದ್ಧಿಯನ್ನು ಮೀರಿ ಹೋಗುತ್ತದೆ. ಈ ವೃತ್ತಿಗೆ ಬರುವವರು ಇದನ್ನು ತಿಳಿದಿರಬೇಕು. ಎಲ್ಲರೂ ಹೊಗಳಿದರು. ನನ್ನ ಫೋಟೋಗಳ ಆಲ್ಬಮ್ಮಿನಲ್ಲಿ ಆ ಮುಖ ಮಾತ್ರ ಇಲ್ಲ. ಹನಾ ಕೆಟ್ಟವರಲ್ಲ, ಶ್ರದ್ಧೆಯಿಂದ ಮಾಡಿದರು. ಒಂದು ದಿನ ಕನ್ನಡಿಯಲ್ಲಿ ನನ್ನನ್ನು ನೋಡಿ, "ಆ ಹೆಂಗಸು ಈಗ ಏನು ಮಾಡುತ್ತಿದ್ದಾರೆ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ನಾನು ಅಕ್ಕನಿಗೆ ಫೋನ್ ಮಾಡಿರಲಿಲ್ಲ.

ಪ್ರಸಾರ ಶುರುವಾಗಿ ಒಂದು ವಾರಕ್ಕೆ ಅಕ್ಕನೇ ಫೋನ್ ಮಾಡಿದರು.

"ಜಯಕರಾ, ನೋಡಿದೆ. ಒಳ್ಳೆ ಕೆಲಸ ಮಾಡಿದ್ದಿ ಮಾರಾಯಾ. ಮುಖ ಎಂತ ಹೇಳುದು, ನನಗೇ ಒಂದು ಕ್ಷಣ ಗೊತ್ತಾಗ್ಲಿಲ್ಲ."

ಆಮೇಲೆ ಅವರೇ ಅಂದರು:

"ಕೈ ಮಾತ್ರ ಬಿಟ್ಟಿದ್ದಿ."

"ಕೈಗೂ ಹಚ್ಚಿದ್ದೇನೆ ಅಕ್ಕಾ."

"ಬಣ್ಣ ಹಚ್ಚಿದ್ದಿ. ಆದ್ರೆ ಅದು ಪಾತ್ರೆ ತೊಳೆದ ಕೈ ಅಲ್ಲ. ಬಟ್ಟೆ ಹಿಂಡುವಾಗ ಗೊತ್ತಾಗ್ತದೆ ನೋಡು." ನಕ್ಕರು. "ನೀನು ಫೋನ್ ಮಾಡುದು ಯಾಕೆ ನಿಲ್ಲಿಸಿದ್ದು? ನನಗೆ ಕೋಪ ಇದ್ರೆ ನಿನ್ನ ಮೇಲೆ ಅಲ್ಲ. ಶುಕ್ರವಾರ ಊಟಕ್ಕೆ ಬಾ."

ಅಕ್ಕನಿಗೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಯಾವ ಕಂಪನಿಯೂ ಕರೆ ಕಳಿಸಲಿಲ್ಲ. ತಲೆಹರಟೆ ಹೆಂಗಸು ಎಂದು ಸುದ್ದಿ ಹಬ್ಬಿತ್ತು. ಅವರು ಕ್ಲಿನಿಕ್ಕಿನ ಕೆಲಸ ಮಾಡಿಕೊಂಡಿದ್ದರು. ಶುಕ್ರವಾರ ನಾನು ಹೋದಾಗ ಒಮ್ಮೆ ಕೇಳಿದೆ, ಬೇಸರ ಇಲ್ಲವಾ ಎಂದು. "ಉಂಟು," ಎಂದರು. "ಕನ್ನಡಿ ಎದುರು ಹೋದ್ರೆ ಯಾರದ್ದಾದ್ರೂ ಹೆಸರು ಬಾಯಿಗೆ ಬರ್ತದೆ. ಯಾರಿಗೆ ಇಡುದು?" ಸದಾನಂದ ಭಾವ ಪೇಪರಿನಿಂದ ತಲೆ ಎತ್ತದೆ, "ಆ ದಿನ ನೀನು ಎದ್ದು ಬಂದದ್ದಕ್ಕೆ ಆಫೀಸಲ್ಲಿ ನಾನು ತಲೆ ಎತ್ತುವ ಹಾಗಾಯ್ತು ನೋಡು," ಎಂದರು. ಆ ಮನುಷ್ಯ ಹೆಚ್ಚು ಮಾತಾಡುವವರಲ್ಲ.

ಒಂದು ಬೆಳಿಗ್ಗೆ ಸೆಟ್ಟಿನಲ್ಲಿ ಮರಿಯಮ್ ನನ್ನ ಬಳಿ ಬಂದಳು, ಆ ದಿನ ಮೂಲೆಯಲ್ಲಿ ಕೂತಿದ್ದವಳು. "ಆ ಹೆಂಗಸಿನ ಮನೆ ಗೊತ್ತಾ?" ಎಂದು ಕೇಳಿದಳು. ಮರುದಿನ ಸಂಜೆ ನಾನು ಅವಳನ್ನು ಮದೀನತ್ ಖಲೀಫಾಕ್ಕೆ ಕರೆದುಕೊಂಡು ಹೋದೆ. ಅವಳ ಕಾರಿನ ಮುಂದೆ ನನ್ನ ಹಳೆಯ ಕಾರು ದಾರಿ ತೋರಿಸುತ್ತಾ ಹೋಯಿತು.

ಅಕ್ಕ ಗೋಳಿಬಜೆ ಕರಿದು ಚಹಾ ಮಾಡಿದ್ದರು. ಮರಿಯಮ್ ಒಂದನ್ನು ತಿಂದು, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು: "ಅಂದು ನೀವು ಮಾತಾಡುವಾಗ ನಾನು ಸುಮ್ಮನಿದ್ದೆ. ಅದು ನನ್ನನ್ನು ಬಿಡಲಿಲ್ಲ. ಒಂದು ಕಥೆ ಬರೆದಿದ್ದೇನೆ. ಹಿಂದಿನ ಕಾಲದಲ್ಲಿ ನಮ್ಮವರು ಹಡಗಿನಲ್ಲಿ ನಿಮ್ಮ ಕಡೆಗೆ ಹೋಗುತ್ತಿದ್ದರು, ಮರ ತರಲು, ಅಕ್ಕಿ ತರಲು. ಕೆಲವರು ಹೆಂಡತಿಯನ್ನೂ ಕರೆತಂದರು. ನನ್ನ ಕಥೆಯಲ್ಲಿ ಒಬ್ಬ ಅಜ್ಜಿ ಇದ್ದಾಳೆ. ಹದಿನಾರರಲ್ಲಿ ಮಂಗಳೂರಿನಿಂದ ಬಂದವಳು. ಆ ಮನೆಯ ಯಜಮಾನಿ ಅವಳು."

ಅಕ್ಕ ಚಹಾ ಕೆಳಗಿಟ್ಟರು. "ನನ್ನ ಮುಖಕ್ಕೆ ಕಪ್ಪು ಹಚ್ಚುವ ಹಾಗಿಲ್ಲ. ನನ್ನ ಅರಬಿಯನ್ನು ಹರಿಯುವ ಹಾಗಿಲ್ಲ."

"ಹರಿಯುವುದಾ? ನಿಮ್ಮ ಅರಬಿ ಸಾಲದು," ಎಂದಳು ಮರಿಯಮ್. "ಅದು ಕ್ಲಿನಿಕ್ಕಿನ ಅರಬಿ. ಅವಳದು ಹಳೇ ದೋಹಾದ ಅಜ್ಜಿಯರ ಅರಬಿ. ನನಗೇ ಅದು ಪೂರ್ತಿ ಬರುವುದಿಲ್ಲ. ನೀವು ಕಲಿಯಬೇಕು."

ಅಕ್ಕ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಮೊದಲ ಬಾರಿ ಕೇಳಿದೆ.

ನಿರ್ಮಾಪಕರು ಒಪ್ಪಲಿಲ್ಲ. ಅಜ್ಜಿಯ ಪಾತ್ರವೂ ಹನಾಗೇ ಇರಲಿ, ಜೈ ಇದ್ದಾನಲ್ಲ ಎಂದರು. ಆಗ ಮಾತಾಡಿದ್ದು ಉಸ್ತಾದ್ ನಬೀಲ್. "ಹೋದ ಸಲ ಎಡಿಟಿಂಗ್ ಕೋಣೆಯಲ್ಲಿ ನಾನು ಆ ಕೈಗಳನ್ನು ಬಚ್ಚಿಡಲು ಪಟ್ಟ ಪಾಡು ನನಗೆ ಗೊತ್ತು. ಇನ್ನೊಮ್ಮೆ ಆಗುವುದಿಲ್ಲ. ಸುಲೂ ಇದ್ದರೆ ನಾನು ಇದ್ದೇನೆ." ಅಕ್ಕ ಫೋನಿನಲ್ಲಿ ಹೇಳಿದ್ದನ್ನು ನಾನು ಯಾರಿಗೂ ತಿಳಿಸಿರಲಿಲ್ಲ. ಉಸ್ತಾದ್ ತಾವೇ ನೋಡಿದ್ದರು. ನಾನೂ ಆ ದಿನ ಬಾಯಿಬಿಟ್ಟೆ. "ನಾನು ಆ ಮೇಕಪ್ ಇನ್ನೊಮ್ಮೆ ಮಾಡುವುದಿಲ್ಲ ಸರ್," ಎಂದೆ. ಎಷ್ಟೋ ವರ್ಷ ತಡವಾಗಿ ಬಂದ ಮಾತು ಅದು. ಅದಕ್ಕೆ ಯಾರೂ ಬೆಲೆ ಕೊಟ್ಟ ಹಾಗೆ ಕಾಣಲಿಲ್ಲ, ಆದರೆ ಆಡಿದ್ದು ನನಗೆ ಒಳ್ಳೆಯದಾಯಿತು.

ಮುಂದೆ ಎರಡು ತಿಂಗಳು ಅಕ್ಕ ಕ್ಲಿನಿಕ್ಕಿನ ಕೆಲಸ ಮುಗಿಸಿ ಮರಿಯಮಳ ದೊಡ್ಡಮ್ಮನ ಮನೆಗೆ ಹೋಗಿ ಕೂರುತ್ತಿದ್ದರು. ಆ ವೃದ್ಧೆ ಅಕ್ಕಿ ಆರಿಸುತ್ತಾ ಮಾತಾಡುತ್ತಿದ್ದರು, ಅಕ್ಕನೂ ಅಕ್ಕಿ ಆರಿಸುತ್ತಾ ಕೇಳುತ್ತಿದ್ದರು. ಮಾತು ಮಾತ್ರ ಅಲ್ಲ, ಮಾತಿನ ನಡುವೆ ನಾಲಿಗೆ ಲೊಚಗುಟ್ಟುವುದು, ಮೊಣಕಾಲಿಗೆ ಕೈ ಊರಿ ಏಳುವುದು, ಬಿಸಿ ಕಾಫಿಯ ಪುಟ್ಟ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿಯುವುದು, ಎಲ್ಲವನ್ನೂ ಹೊತ್ತುಕೊಂಡು ಬಂದರು.

ಶೂಟಿಂಗಿನ ಮೊದಲ ದಿನ ನಾನು ಅಕ್ಕನನ್ನು ಕಿಟಕಿಯ ಬಳಿ ಕೂರಿಸಿ ಐದು ನಿಮಿಷ ನೋಡಿದೆ. ಅಷ್ಟು ವರ್ಷಗಳಲ್ಲಿ ನಾನು ಬಣ್ಣದ ಕೆಳಗೆ ಮುಚ್ಚಿಹಾಕಿದ್ದ ಮುಖ. ಗಲ್ಲದ ಮೇಲೆ ಒಂದು ಸಣ್ಣ ಹಳೆಯ ಗಾಯದ ಗೆರೆ ಇತ್ತು, ಮೊದಲ ಸಲ ಐದು ನಿಮಿಷ ನೋಡಿದಾಗಲೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ವಯಸ್ಸಿನ ಸುಕ್ಕುಗಳನ್ನು ಮಾತ್ರ ಮಾಡಿದೆ, ಚರ್ಮವನ್ನು ಎಳೆದು ಹಿಡಿದು, ತೆಳು ರಬ್ಬರ್ ದ್ರವ ಹಚ್ಚಿ, ಒಣಗಿಸಿ ಬಿಟ್ಟು. ಬಣ್ಣ ಅವರದೇ. ಕೈಗೆ ಏನೂ ಮಾಡಲಿಲ್ಲ.

ದೃಶ್ಯ ಹೀಗಿತ್ತು. ಮೊಮ್ಮಗನ ಮದುವೆ ಮಾತಿಗೆ ಹೆಣ್ಣಿನ ಕಡೆಯ ದೊಡ್ಡ ಮನುಷ್ಯರು ಬಂದಿದ್ದಾರೆ. ಅಜ್ಜಿ ಭಾರತದವಳು ಎನ್ನುವುದು ಅವರಿಗೆ ತಿಳಿಯಬಾರದೆಂದು ಮೊಮ್ಮಗ ಅವಳನ್ನು ಒಳಗೇ ಇರಲು ಹೇಳಿದ್ದಾನೆ. ಅತಿಥಿಗಳು ಹೋದ ಮೇಲೆ ಅವನಿಗೆ ತನ್ನ ಮೇಲೇ ಅಸಹ್ಯವಾಗಿ ಊಟ ಬಿಟ್ಟು ಅಂಗಳದಲ್ಲಿ ಕೂತಿದ್ದಾನೆ. ಅಜ್ಜಿ ತಟ್ಟೆ ಹಿಡಿದು ಬರುತ್ತಾಳೆ. ಬಯ್ಯುವುದಿಲ್ಲ. ಸ್ಕ್ರಿಪ್ಟಿನಲ್ಲಿ ಇದ್ದದ್ದು ಒಂದೇ ಸಾಲು, ಹಸಿವಾಗುತ್ತದಾ ಮಗಾ, ಬಾ ಊಟ ಮಾಡು ಎಂದು.

ಅಕ್ಕ ತಟ್ಟೆ ಹಿಡಿದು ಬಂದರು. ಮೊಮ್ಮಗನ ಪಾತ್ರದ ನಟ ತಲೆ ಎತ್ತಲಿಲ್ಲ. ಅಕ್ಕ ನಿಧಾನಕ್ಕೆ ಕೂತು, ಅವನ ತಲೆಯ ಮೇಲೆ ಕೈಯಿಟ್ಟು ಅಂದರು:

"ಬಡವಾಪುಂಡಾ ಮಗಾ? ಬಲ, ವನಸ್ ಮಲ್ಪು."

ಅದು ತುಳು. ನನ್ನ ಕೈಯಲ್ಲಿದ್ದ ಪೌಡರ್ ಡಬ್ಬಿ ಎಲ್ಲಿ ಬೀಳುತ್ತದೋ ಎಂದು ಗಟ್ಟಿ ಹಿಡಿದೆ. ಆ ನಟನಿಗೆ ಒಂದು ಶಬ್ದವೂ ಅರ್ಥವಾಗಿರಲಿಕ್ಕಿಲ್ಲ, ಆದರೂ ಅವನು ತಲೆ ಎತ್ತಿ ನೋಡಿದ, ಕಣ್ಣು ತುಂಬಿಕೊಂಡಿತು. ಉಸ್ತಾದ್ ಕಟ್ ಹೇಳಲು ತುಂಬಾ ಹೊತ್ತು ತೆಗೆದುಕೊಂಡರು.

"ಏನು ಹೇಳಿದೆ ಸುಲೂ?"

"ಸ್ಕ್ರಿಪ್ಟಿನಲ್ಲಿ ಇದ್ದದ್ದೇ, ಉಸ್ತಾದ್."

"ಯಾವ ಭಾಷೆ?"

"ಅಜ್ಜಿಯದ್ದು. ಅರುವತ್ತು ವರ್ಷ ಅವಳು ಈ ಮನೆಯಲ್ಲಿ ಅರಬಿ ಮಾತಾಡಿದ್ದಾಳೆ. ಇಷ್ಟು ನೋವಾದಾಗ ಅವಳಿಗೆ ಅದು ಮರೆತುಹೋಗುವುದಿಲ್ಲವಾ? ಬೇಡವಾದರೆ ಅರಬಿಯಲ್ಲಿ ಹೇಳುತ್ತೇನೆ."

ಉಸ್ತಾದ್ ಮರಿಯಮಳ ಕಡೆ ನೋಡಿದರು. ಅವಳು ತನ್ನ ಹಾಳೆಯಲ್ಲಿದ್ದ ಆ ಸಾಲಿಗೆ ಗೀಟು ಹಾಕಿದಳು. "ಇರಲಿ," ಎಂದರು ಉಸ್ತಾದ್. "ಕೆಳಗೆ ಅರ್ಥ ಬರೆಯುವುದೂ ಬೇಡ."

ಧಾರಾವಾಹಿ ಆ ರಮದಾನಿನಲ್ಲಿ ಪ್ರಸಾರವಾಯಿತು. ಅಕ್ಕನ ಕ್ಲಿನಿಕ್ಕಿಗೆ ಹಲ್ಲು ನೋವಿಲ್ಲದವರೂ ಬರತೊಡಗಿದರು ಎಂದು ಭಾವ ತಮಾಷೆ ಮಾಡುತ್ತಿದ್ದರು. ಮುಂದೆ ಅವರಿಗೆ ಇನ್ನೂ ನಾಲ್ಕೈದು ಪಾತ್ರಗಳು ಸಿಕ್ಕವು. ಒಮ್ಮೆ ನರ್ಸ್, ಒಮ್ಮೆ ಶಾಲೆಯ ಮುಖ್ಯೋಪಾಧ್ಯಾಯಿನಿ. ಮನೆಕೆಲಸದವಳಾಗಿಯೂ ಮಾಡಿದರು, ಆದರೆ ಸ್ಕ್ರಿಪ್ಟ್ ಓದಿದ ಮೇಲೆ. ಎಲ್ಲವೂ ಬದಲಾಯಿತು ಎಂದು ನಾನು ಹೇಳಲಾರೆ. ತಲೆ ಅಲ್ಲಾಡಿಸುವ, ಮಾಫಿ ಮಾಲೂಮ್ ಎನ್ನುವ ಪಾತ್ರಗಳು ಬೇರೆಯವರಿಗೆ ಹೋದವು. ಅವು ಬರುತ್ತಲೇ ಇದ್ದವು.

ಹಬ್ಬ ಮುಗಿದ ಮೇಲಿನ ಒಂದು ಶುಕ್ರವಾರ ಬೆಳಿಗ್ಗೆ ಅಕ್ಕ, ಭಾವ, ನಾನು ತರಕಾರಿ ಮಾರುಕಟ್ಟೆಗೆ ಹೋಗಿದ್ದೆವು. ಅಕ್ಕ ಬಸಳೆ ಸೊಪ್ಪು ಆರಿಸುತ್ತಿದ್ದರು. ತುಂಬಾ ವಯಸ್ಸಾದ ಒಬ್ಬ ಕತಾರಿ ಹೆಂಗಸು, ಮಗಳ ತೋಳು ಹಿಡಿದುಕೊಂಡು ನಡೆಯುತ್ತಿದ್ದವರು, ನಮ್ಮ ಎದುರು ನಿಂತುಬಿಟ್ಟರು. ಅಕ್ಕನ ಮುಖವನ್ನು ಹತ್ತಿರದಿಂದ ನೋಡಿದರು.

"ನೀನು ಆ ಅಜ್ಜಿ ಅಲ್ಲವಾ? ಆದರೆ ನೀನು ಚಿಕ್ಕವಳು."

"ಸುಕ್ಕು ಮಾಡಿದ್ದು ಇವನು, ತಾಯೀ," ಎಂದು ಅಕ್ಕ ನನ್ನನ್ನು ತೋರಿಸಿದರು.

ಆ ಮುದುಕಿ ನನ್ನತ್ತ ನೋಡಲಿಲ್ಲ. "ನನ್ನ ಅಮ್ಮ ಹಿಂದ್ ದೇಶದವಳು," ಎಂದರು. ಪಕ್ಕದಲ್ಲಿದ್ದ ಮಗಳ ಮುಖ ನೋಡಿದರೆ ಅವಳಿಗೂ ಇದು ಹೊಸ ಸುದ್ದಿ ಎಂದು ಕಾಣುತ್ತಿತ್ತು. "ಯಾವ ಊರೋ ಗೊತ್ತಿಲ್ಲ. ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾನು ಸಣ್ಣವಳಿದ್ದಾಗ ಒಬ್ಬಳೇ ಇರುವಾಗ ಏನೋ ಮಾತಾಡಿಕೊಳ್ಳುತ್ತಿದ್ದಳು. ನಾವು ಬಂದರೆ ನಿಲ್ಲಿಸುತ್ತಿದ್ದಳು. ನೀನು ಆ ಹುಡುಗನಿಗೆ ಹೇಳಿದೆಯಲ್ಲ, ತಟ್ಟೆ ಹಿಡಿದುಕೊಂಡು. ಅದನ್ನು ಹೇಳು."

ಅಕ್ಕ ಸೊಪ್ಪಿನ ಕಟ್ಟನ್ನು ಭಾವನ ಕೈಗೆ ಕೊಟ್ಟರು. ಸುತ್ತ ಜನ, ತಳ್ಳುಗಾಡಿ, ವ್ಯಾಪಾರದ ಕೂಗು. ಅದರ ನಡುವೆ, ಮನೆಯೊಳಗೆ ಹೇಳುವಷ್ಟೇ ಮೆಲ್ಲಗೆ ಹೇಳಿದರು: "ಬಡವಾಪುಂಡಾ ಮಗಾ? ಬಲ, ವನಸ್ ಮಲ್ಪು."

ಮುದುಕಿ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ತಲೆ ಆಡಿಸಿದರು.

"ಇಲ್ಲ. ಇದಲ್ಲ. ನನ್ನ ಅಮ್ಮನ ಭಾಷೆ ಇದಲ್ಲ."

ಮಗಳು ತಾಯಿಯ ತೋಳನ್ನು ಮೆಲ್ಲಗೆ ಎಳೆದಳು. ಮುದುಕಿ ಕದಲಲಿಲ್ಲ. ಎರಡೂ ಕೈಗಳಿಂದ ಅಕ್ಕನ ಕೈ ಹಿಡಿದುಕೊಂಡರು.

"ಆದರೂ ಇನ್ನೊಂದು ಸಲ ಹೇಳು," ಎಂದರು.